ತಕ್ಕದ್ದು ಮತ್ತು ಬಹುದು: ಹದಿನೆಂಟು ತುಂಬಿದ ಮೇಲೆ ಕೌನ್ಸಿಲ್ ಎಂಬ ಪೋಷಕ

ಇಂಗ್ಲೆಂಡಿನಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ ಸಂಸ್ಥೆ, ಕೊಡುವ ಬಾಡಿಗೆ ಫ್ಲ್ಯಾಟಿನ ಬೀಗದ ಕೈ ಪಡೆದು ಮೊದಲ ಸಲ ಬಾಗಿಲು ತೆರೆದವರ ಕಣ್ಣಿಗೆ ಬೀಳುವುದು ಬೋಳು ನೆಲ. ಹಿಂದಿನವರು ಹಾಸಿದ್ದ ಕಾರ್ಪೆಟ್ಟನ್ನು ಬಹಳಷ್ಟು ಕಡೆ ಕಿತ್ತು ತೆಗೆದೇ ಮನೆಯನ್ನು ಮುಂದಿನವರಿಗೆ ಕೊಡುತ್ತಾರೆ. ಉಳಿಯುವುದು ಕಾಂಕ್ರೀಟು, ಇಲ್ಲವೇ ಅಲ್ಲಲ್ಲಿ ಮೊಳೆಯ ತುದಿ ಇಣುಕುವ ಹಲಗೆ. ಕಿಟಕಿಗೆ ಪರದೆಯಿಲ್ಲ, ಅಡುಗೆಮನೆಯಲ್ಲಿ ಒಲೆಯಿಲ್ಲ, ಫ್ರಿಜ್ಜಿಲ್ಲ. ಕರೆಂಟಿನ ಮೀಟರು ಮುಂಗಡ ಹಣ ತುಂಬಿದರೆ ಮಾತ್ರ ಓಡುವ ಬಗೆಯದಾಗಿದ್ದರೆ ಹಿಂದಿನ ಬಾಡಿಗೆದಾರರ ಬಾಕಿ ಅದರಲ್ಲಿ ಕೂತಿರುವುದೂ ಉಂಟು. ಹತ್ತೊಂಬತ್ತರ ಮಗಳು ಇಂಥ ಮನೆಗೆ ಹೋಗುವಾಗ ಕುಟುಂಬವಿದ್ದವರಲ್ಲಿ ತಾಯಿ ಹಳೆಯ ಪಾತ್ರೆಗಳನ್ನು ಕಟ್ಟಿಕೊಡುತ್ತಾಳೆ, ತಂದೆ ಪರದೆಯ ಸರಳು ಹೊಡೆದುಕೊಡುತ್ತಾನೆ, ಚಿಕ್ಕಪ್ಪನ ವ್ಯಾನಿನಲ್ಲಿ ಯಾರದೋ ಹಳೆಯ ಸೋಫಾ ಬರುತ್ತದೆ, ಎರಡನೆಯ ತಿಂಗಳ ಬಾಡಿಗೆಗೆ ಹಣ ಸಾಲದೆ ಹೋದರೆ ಮನೆಗೊಂದು ಫೋನು ಹೋಗುತ್ತದೆ. ಸರಕಾರದ ಪಾಲನೆಯಲ್ಲಿ ಬೆಳೆದ ಹುಡುಗಿ ಆ ಫೋನನ್ನು ಯಾರಿಗೆ ಮಾಡಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಕೊಡುವ ಉತ್ತರ ಒಂದೇ ಪದದ್ದು: ಕೌನ್ಸಿಲ್‌ಗೆ.

ಆ ಒಂದು ಪದದ ಬೆನ್ನಿಗೆ ಸುಮಾರು 35 ವರ್ಷಗಳಲ್ಲಿ ಪದರ ಪದರವಾಗಿ ಕೂಡಿಕೊಂಡ ಕಾಯಿದೆಗಳು, ನಿಯಮಗಳು, ಮಾರ್ಗಸೂಚಿಗಳು ಮತ್ತು ನ್ಯಾಯಾಲಯದ ತೀರ್ಪುಗಳಿವೆ. ಇವುಗಳನ್ನು ಓದುವುದಕ್ಕೆ ಒಂದು ಸರಳ ಉಪಾಯವಿದೆ. ನಮ್ಮ ಕಾಯಿದೆಗಳ ಕನ್ನಡ ಪಾಠವನ್ನು ಓದಿದವರಿಗೆ ‘ತಕ್ಕದ್ದು’ ಮತ್ತು ‘ಬಹುದು’ ಎಂಬೆರಡು ಪ್ರತ್ಯಯಗಳ ಬೆಲೆ ಗೊತ್ತಿರುತ್ತದೆ. ‘ಒದಗಿಸತಕ್ಕದ್ದು’ ಎಂದಿದ್ದರೆ ಅಧಿಕಾರಿಗೆ ಬೇರೆ ದಾರಿಯಿಲ್ಲ. ‘ಒದಗಿಸಬಹುದು’ ಎಂದಿದ್ದರೆ ಒದಗಿಸದೆಯೂ ಇರಬಹುದು. ಕೇರ್ ಲೀವರ್ ಎಂದು ಕರೆಯಲಾಗುವ ಈ ಯುವಜನರಿಗೆ ಸಿಗುವ ಪ್ರತಿಯೊಂದು ನೆರವನ್ನೂ ಈ ಎರಡರಲ್ಲಿ ಯಾವ ಕಡೆಗೆ ಸೇರಿದ್ದು ಎಂದು ಕೇಳಿ ನೋಡಿದರೆ, ಹೊರನೋಟಕ್ಕೆ ಗೋಜಲಾಗಿ ಕಾಣುವ ವ್ಯವಸ್ಥೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಮೊದಲು ‘ಕೇರ್’ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ನಮ್ಮಲ್ಲಿ ಈ ಮಾತು ಕೇಳಿದೊಡನೆ ಅನಾಥಾಶ್ರಮದ ಚಿತ್ರ ಕಣ್ಣಮುಂದೆ ಬರುತ್ತದೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಪಾಲನೆಯಲ್ಲಿರುವ 80,000ಕ್ಕೂ ಹೆಚ್ಚು ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆತಾಯಿ ಇದ್ದಾರೆ, ಮತ್ತು ಹೆಚ್ಚಿನವರು ಇರುವುದು ಫಾಸ್ಟರ್ ಪೋಷಕರ, ಅಂದರೆ ಕೌನ್ಸಿಲ್ ಪರವಾಗಿ ಮಗುವನ್ನು ತಮ್ಮ ಮನೆಯಲ್ಲಿಟ್ಟು ಸಾಕುವವರ, ಮನೆಗಳಲ್ಲಿ. 1989ರ ಮಕ್ಕಳ ಕಾಯಿದೆಯ 31ನೆಯ ಪ್ರಕರಣದಡಿ, ಮಗುವಿಗೆ ಮನೆಯಲ್ಲಿ ಗಂಭೀರ ಹಾನಿಯಾಗುತ್ತಿದೆ ಅಥವಾ ಆಗುವ ಸಂಭವವಿದೆ ಎಂದು ಮನಗಂಡ ನ್ಯಾಯಾಲಯ ಆದೇಶ ಹೊರಡಿಸಿದಾಗ ಮಗು ಕೌನ್ಸಿಲ್ ವಶಕ್ಕೆ ಬರುತ್ತದೆ. 20ನೆಯ ಪ್ರಕರಣದಡಿ, ನ್ಯಾಯಾಲಯದ ಆದೇಶವಿಲ್ಲದೆ, ಪೋಷಕರು ಆಕ್ಷೇಪಿಸದಿದ್ದಾಗ ಅಥವಾ 16 ದಾಟಿದ ಮಗು ತಾನೇ ಒಪ್ಪಿದಾಗಲೂ ಬರುತ್ತದೆ. ಎರಡೂ ಬಗೆಯ ಮಕ್ಕಳು ಕಾನೂನಿನ ಕಣ್ಣಿಗೆ ಪಾಲನೆಯಲ್ಲಿರುವ ಮಕ್ಕಳೇ.

ಕೌನ್ಸಿಲ್ ಎಂಬುದಕ್ಕೂ ಒಂದು ಮಾತು ಸೇರಿಸಬೇಕು. ಕಸ ವಿಲೇವಾರಿ, ಬೀದಿದೀಪಗಳನ್ನು ನೋಡಿಕೊಳ್ಳುವ ನಮ್ಮ ನಗರಸಭೆಗೆ ಒಬ್ಬ ಹುಡುಗಿಯ ತಾಯಿಯ ಸ್ಥಾನವನ್ನು ಕೊಡುವುದನ್ನು ಕಲ್ಪಿಸಿಕೊಳ್ಳುವುದು ನಮಗೆ ಕಷ್ಟ. ಇಂಗ್ಲೆಂಡಿನಲ್ಲಿ ಮಕ್ಕಳ ಸೇವೆಯ ಹೊಣೆ ಹೊತ್ತ 153 ಸ್ಥಳೀಯ ಸಂಸ್ಥೆಗಳಿಗೆ ಅಂಥದೇ ಸ್ಥಾನವಿದೆ. ಕಾರ್ಪೊರೇಟ್ ಪೇರೆಂಟ್ ಎಂಬ ಬಿರುದು ಕೇಳುವುದಕ್ಕೆ ವಿಚಿತ್ರವಾಗಿದ್ದರೂ 2017ರ ಮಕ್ಕಳ ಮತ್ತು ಸಮಾಜಕಾರ್ಯ ಕಾಯಿದೆ ಅದಕ್ಕೆ ಏಳು ತತ್ವಗಳನ್ನು ಬರೆದಿಟ್ಟಿದೆ: ಈ ಮಕ್ಕಳ ಹಿತಕ್ಕೆ ತಕ್ಕಂತೆ ನಡೆಯುವುದು, ಅವರ ಮಾತನ್ನು ಕೇಳಿಸಿಕೊಳ್ಳುವುದು, ಅವರ ಬದುಕಿನಲ್ಲಿ ಸ್ಥಿರತೆ ಇರುವಂತೆ ನೋಡಿಕೊಳ್ಳುವುದು, ಸ್ವತಂತ್ರ ಬದುಕಿಗೆ ಅಣಿಗೊಳಿಸುವುದು ಇತ್ಯಾದಿ. ಒಂದು ತೊಡಕೆಂದರೆ, ಹಲವು ಪ್ರದೇಶಗಳಲ್ಲಿ ಕೌನ್ಸಿಲ್ ಒಂದಲ್ಲ, ಎರಡು. ಮಕ್ಕಳ ಸೇವೆ ಕೌಂಟಿ ಕೌನ್ಸಿಲ್‌ನ ಕೈಯಲ್ಲಿದ್ದರೆ, ಮನೆ ಹಂಚಿಕೆ ಮತ್ತು ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯ ವಸೂಲಿ ಅದರ ಕೆಳಗಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು. ಪೋಷಕನೊಬ್ಬ, ಮನೆಯ ಮಾಲೀಕ ಇನ್ನೊಬ್ಬ. ಇವರಿಬ್ಬರ ನಡುವೆ ಪತ್ರ ಓಡಾಡುವಷ್ಟು ಹೊತ್ತು ಹುಡುಗಿ ಕಾಯಬೇಕಾಗುತ್ತದೆ.

ಈ ವ್ಯವಸ್ಥೆ ಹುಟ್ಟಿದ್ದೇಕೆ ಎಂಬುದಕ್ಕೆ ಕಾರಣ ಕರುಣೆಗಿಂತ ಹೆಚ್ಚಾಗಿ ಲೆಕ್ಕಾಚಾರದಲ್ಲಿದೆ. 2001ಕ್ಕೆ ಮುಂಚೆ ಪಾಲನೆಯಲ್ಲಿದ್ದ ಮಕ್ಕಳನ್ನು 16 ಅಥವಾ 17ಕ್ಕೇ ಹೊರಗೆ ಕಳಿಸುವುದು ಸಾಮಾನ್ಯವಾಗಿತ್ತು. ಮಗು ಪಾಲನೆಯಲ್ಲಿ ಇರುವವರೆಗೆ ಖರ್ಚು ಕೌನ್ಸಿಲ್‌ನದು. ಹೊರಬಿದ್ದ ಕ್ಷಣದಿಂದ ಅದರ ಊಟ ವಸತಿಯ ಭಾರ ಕೇಂದ್ರ ಸರಕಾರದ ಸಾಮಾಜಿಕ ಭದ್ರತೆಯ ಭತ್ಯೆಗಳ ಮೇಲೆ. ಬೇಗ ಕಳಿಸಿದಷ್ಟೂ ಕೌನ್ಸಿಲ್‌ಗೆ ಉಳಿತಾಯ. ಕೇರ್ ಬಿಡುವ ಮಕ್ಕಳಿಗಾಗಿಯೇ ತಂದ 2000ದ ಕಾಯಿದೆ ಅಕ್ಟೋಬರ್ 2001ರಲ್ಲಿ ಜಾರಿಗೆ ಬಂದಾಗ ಮಾಡಿದ ಮೊದಲ ಕೆಲಸವೇ ಈ ಲೆಕ್ಕವನ್ನು ತಿರುಗಿಸಿದ್ದು. 16 ಮತ್ತು 17ರ ಕೇರ್ ಲೀವರ್‌ಗಳಲ್ಲಿ ಬಹುತೇಕರು ಸರಕಾರಿ ಭತ್ಯೆಗೆ ಅರ್ಜಿ ಹಾಕುವಂತಿಲ್ಲ. ಪುಟ್ಟ ಮಗುವಿರುವ ಒಂಟಿ ತಾಯಂದಿರು, ಅಂಗವಿಕಲರು ಮೊದಲಾದವರಿಗೆ ಮಾತ್ರ ವಿನಾಯಿತಿ. ಉಳಿದವರ ವಸತಿ ಮತ್ತು ಜೀವನೋಪಾಯವನ್ನು 18ರವರೆಗೆ ಕೌನ್ಸಿಲ್ಲೇ ನೋಡಿಕೊಳ್ಳತಕ್ಕದ್ದು. ಮಕ್ಕಳನ್ನು ಬೇಗ ಕೈಬಿಡುವುದರಲ್ಲಿ ಇದ್ದ ಲಾಭ ಅಲ್ಲಿಗೆ ಮುಗಿಯಿತು.

ಇನ್ನು ಈ ‘ತಕ್ಕದ್ದು’ ಯಾರಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ. ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗುವುದು ಒಳ್ಳೆಯದು. ಕಾಯಿದೆ ಕೇಳುವುದು ಎರಡು ಷರತ್ತುಗಳನ್ನು. ಮಗುವಿಗೆ 14 ತುಂಬಿದ ಮೇಲೆ ಒಟ್ಟು ಕನಿಷ್ಠ 13 ವಾರ ಕೌನ್ಸಿಲ್ ಪಾಲನೆಯಲ್ಲಿ ಇದ್ದಿರಬೇಕು. ಆ ಅವಧಿಯ ಒಂದಂಶವಾದರೂ 16ನೆಯ ಹುಟ್ಟುಹಬ್ಬದ ನಂತರ ಬಿದ್ದಿರಬೇಕು. 13 ವಾರ ಒಂದೇ ಸಲ ಆಗಬೇಕೆಂದಿಲ್ಲ, ಬಿಡಿಬಿಡಿಯಾಗಿ ಕೂಡಿಸಬಹುದು. ಆದರೆ ಪೋಷಕರಿಗೆ ಬಿಡುವು ಕೊಡಲೆಂದು ಮಗುವನ್ನು ಕೆಲವು ದಿನ ಬೇರೆಡೆ ಇರಿಸಿ ಮತ್ತೆ ಮನೆಗೆ ಕಳಿಸುವ ಯೋಜಿತ ಅವಧಿಗಳು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡೋಣ. ಜೂನ್ 10, 2008ರಂದು ಹುಟ್ಟಿದ ಹುಡುಗಿಯೊಬ್ಬಳು ಮೇ 1, 2024ರಂದು ಮೊದಲ ಬಾರಿಗೆ ಪಾಲನೆಗೆ ಬಂದಳು ಎಂದಿಟ್ಟುಕೊಳ್ಳಿ. ಜೂನ್ 10ಕ್ಕೆ ಅವಳಿಗೆ 16 ತುಂಬಿತು. 13 ವಾರವೆಂದರೆ 91 ದಿನ. ಅವಳ 91ನೆಯ ದಿನ ಜುಲೈ 30. ಬೇಸಿಗೆ ರಜೆ ಹತ್ತಿರ ಬಂತು, ತಾಯಿಯೊಂದಿಗೆ ಮಾತುಕತೆ ಸರಿಹೋಯಿತು ಎಂದು ಜುಲೈ 20ಕ್ಕೇ ಅವಳನ್ನು ಮನೆಗೆ ಕಳಿಸಿದರೆ ಆಗುವುದು 81 ದಿನ. ಹತ್ತು ದಿನ ಕಡಿಮೆ. ಆ ಹತ್ತು ದಿನದ ಬೆಲೆಯೆಂದರೆ, ಮುಂದಿನ ಸುಮಾರು ಒಂಬತ್ತು ವರ್ಷಗಳ ‘ತಕ್ಕದ್ದು’ ಬಹುತೇಕ ‘ಬಹುದು’ ಆಗಿ ಇಳಿಯುವುದು. ಅದೇ ಹುಡುಗಿ ಆಗಸ್ಟ್ ಮೊದಲ ವಾರದವರೆಗೆ ಇದ್ದಿದ್ದರೆ 25ರವರೆಗೂ ಕೌನ್ಸಿಲ್‌ನ ಬಾಗಿಲು ತಟ್ಟುವ ಹಕ್ಕು ಅವಳದಾಗುತ್ತಿತ್ತು. ಇನ್ನೊಬ್ಬ ಹುಡುಗ ಮೂರು ವರ್ಷದವನಿದ್ದಾಗ ಬಂದು, ಹನ್ನೆರಡು ವರ್ಷ ಫಾಸ್ಟರ್ ಮನೆಗಳಲ್ಲಿ ಬೆಳೆದು, 16 ತುಂಬುವ ಎರಡು ತಿಂಗಳು ಮುಂಚೆ ತಂದೆಯ ಮನೆಗೆ ಮರಳಿದನೆಂದರೆ, ಕೇರ್ ಬಿಡುವವರಿಗೆ ಮೀಸಲಾದ ಈ ಯಾವ ಹಕ್ಕೂ ಅವನಿಗಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು ಎಂಬುದನ್ನು ಒಪ್ಪಬಹುದು. ಬಾಲ್ಯವಿಡೀ ಪಾಲನೆಯಲ್ಲಿ ಕಳೆದವನು ಗೆರೆಯ ಆಚೆ, ಮೂರು ತಿಂಗಳಷ್ಟೇ ಇದ್ದವಳು ಗೆರೆಯ ಈಚೆ ನಿಲ್ಲುವುದನ್ನು ಒಪ್ಪುವುದು ನನಗಂತೂ ಕಷ್ಟವಾಗುತ್ತದೆ.

ಷರತ್ತು ಪೂರೈಸಿದವರಿಗೆ ವಯಸ್ಸು ಮತ್ತು ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಹೆಸರುಗಳಿವೆ. 16 ಅಥವಾ 17ರವರಾಗಿದ್ದು ಇನ್ನೂ ಪಾಲನೆಯಲ್ಲೇ ಇದ್ದರೆ ‘ಎಲಿಜಿಬಲ್’. ಪಾಲನೆ ಬಿಟ್ಟಿದ್ದು 18 ತುಂಬಿರದಿದ್ದರೆ ‘ರೆಲೆವೆಂಟ್’. 18 ತುಂಬಿದ ಮೇಲೆ ‘ಫಾರ್ಮರ್ ರೆಲೆವೆಂಟ್’. 16ರ ನಂತರ ಒಂದು ದಿನವಾದರೂ ಪಾಲನೆಯಲ್ಲಿದ್ದು 13 ವಾರ ತುಂಬದವರು ‘ಕ್ವಾಲಿಫೈಯಿಂಗ್’. ಮೇಲಿನ ಉದಾಹರಣೆಯ 81 ದಿನದ ಹುಡುಗಿ ಈ ಕೊನೆಯ ಗುಂಪಿನವಳು. ಅವಳಿಗೆ ಸಲಹೆ, ಒತ್ತಾಸೆ, ಸಂದರ್ಭ ನೋಡಿ ಅಷ್ಟಿಷ್ಟು ಹಣ ದೊರೆಯಬಹುದು, ಆದರೆ ಗೊತ್ತುಮಾಡಿದ ಸಲಹೆಗಾರರೂ ಇಲ್ಲ, ಲಿಖಿತ ಯೋಜನೆಯೂ ಇಲ್ಲ. ಈ ಹೆಸರುಗಳಿಗೆ ಕನ್ನಡದಲ್ಲಿ ಬೇರೆ ಪದ ಹುಡುಕುವ ಗೋಜಿಗೆ ಹೋಗದಿರುವುದೇ ಲೇಸು, ಏಕೆಂದರೆ ಕಚೇರಿಯ ಪತ್ರಗಳಲ್ಲಿ ಕಾಣುವುದು ಇವೇ ಪದಗಳು, ಮತ್ತು ಪತ್ರದಲ್ಲಿ ಯಾವ ಪದ ಬರೆದಿದೆ ಎಂಬುದೇ ನಿರ್ಣಾಯಕ. ಮನೆಗೆ ಮರಳಿದ ‘ರೆಲೆವೆಂಟ್’ ಮಗು ಆರು ತಿಂಗಳು ಅಲ್ಲಿ ನೆಮ್ಮದಿಯಿಂದ ನೆಲೆ ನಿಂತರೆ ಅದೂ ‘ಕ್ವಾಲಿಫೈಯಿಂಗ್’ ಆಗುತ್ತದೆ ಎಂಬ ಒಳನಿಯಮವೂ ಇದೆ.

ದಿನಗಳ ಲೆಕ್ಕಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಜಾರುಬಂಡೆ ಇದೆ. ಮನೆಯಿಂದ ಹೊರದಬ್ಬಿಸಿಕೊಂಡ 17ರ ಹುಡುಗನೊಬ್ಬ ಕೌನ್ಸಿಲ್ ಕಚೇರಿಗೆ ಬಂದಾಗ ಅವನಿಗೆ ಸೂರು ಕೊಡಲು ಎರಡು ಕೌಂಟರ್‌ಗಳಿವೆ. ಒಂದು ಮಕ್ಕಳ ಸೇವೆಯದು, ಇನ್ನೊಂದು ವಸತಿಹೀನರ ವಿಭಾಗದ್ದು. ಎರಡೂ ಕಡೆ ಸಿಗುವುದು ಒಂದೇ ಹಾಸ್ಟೆಲ್ಲಿನ ಒಂದೇ ಕೋಣೆಯೇ ಆಗಿದ್ದರೂ, ಮೊದಲ ಕೌಂಟರಿನಿಂದ ಹೋದರೆ ಅವನು ಪಾಲನೆಯಲ್ಲಿರುವ ಮಗು, 13 ವಾರದ ಗಡಿಯಾರ ಓಡಲು ಶುರು. ಎರಡನೆಯದರಿಂದ ಹೋದರೆ ಅವನು ಬರಿಯ ಬಾಡಿಗೆದಾರ. ಲಂಡನ್ನಿನ ಸದಕ್ ಕೌನ್ಸಿಲ್ ವಿರುದ್ಧದ ಮೊಕದ್ದಮೆಯೊಂದರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಪೀಠ 2009ರಲ್ಲಿ ಈ ಗೊಂದಲವನ್ನು ಬಗೆಹರಿಸಿತು: 16, 17ರ ಮಗುವಿಗೆ ಸೂರಿನ ಅಗತ್ಯ ಇರುವುದು ಕಂಡುಬಂದರೆ ಮಕ್ಕಳ ಸೇವೆಯೇ 20ನೆಯ ಪ್ರಕರಣದಡಿ ಅದನ್ನು ಒದಗಿಸತಕ್ಕದ್ದು, ವಸತಿ ವಿಭಾಗದ ಕಡೆ ಕೈ ತೋರಿಸಿ ಸಾಗಹಾಕುವಂತಿಲ್ಲ. ಮಗು ತಿಳಿದೂ ತಿಳಿದೂ ಪಾಲನೆ ಬೇಡವೆಂದರೆ ಮಾತು ಬೇರೆ. ಆದರೆ ಬೇಡವೆನ್ನುವುದರಿಂದ ಏನೇನು ಕಳೆದುಹೋಗುತ್ತದೆ ಎಂಬುದನ್ನು ಅದಕ್ಕೆ ಸರಿಯಾಗಿ ವಿವರಿಸಿ ಹೇಳಿರಬೇಕು. ‘ಪಾಲನೆಯಲ್ಲಿದ್ದರೆ ಸೋಷಿಯಲ್ ವರ್ಕರ್ ಬಂದು ಹೋಗುತ್ತಿರುತ್ತಾರೆ, ನಿನಗೆ ಬೇಕಾ?’ ಎಂದು ಕೇಳಿದರೆ ಯಾವ ಹದಿನೇಳರ ಹುಡುಗನೂ ಬೇಡವೆಂದೇ ಹೇಳುತ್ತಾನೆ.

ಹಕ್ಕು ದೊರೆತವರಿಗೆ ಮೊದಲು ಸಿಗುವುದು ಒಬ್ಬ ವ್ಯಕ್ತಿ ಮತ್ತು ಒಂದು ಕಡತ. ವ್ಯಕ್ತಿಯೆಂದರೆ ಪರ್ಸನಲ್ ಅಡ್ವೈಸರ್, ಎಲ್ಲರ ಬಾಯಲ್ಲೂ ಪಿಎ. ಇವರು ಸಮಾಜಕಾರ್ಯದ ಪದವಿ ಪಡೆದಿರಲೇಬೇಕು ಎಂದಿಲ್ಲ. ಕಡತವೆಂದರೆ ಪಾಥ್‌ವೇ ಪ್ಲಾನ್: ಎಲ್ಲಿ ವಾಸ, ಏನು ಓದು, ಯಾವ ಕೆಲಸ, ಹಣದ ನಿಭಾವಣೆ ಹೇಗೆ, ಆರೋಗ್ಯ ಹೇಗಿದೆ, ಕಷ್ಟಕಾಲದಲ್ಲಿ ನೆಚ್ಚಿಕೊಳ್ಳಲು ಯಾರಿದ್ದಾರೆ, ಅಂದುಕೊಂಡದ್ದು ಕೈಕೊಟ್ಟರೆ ಮುಂದೇನು ಎಂಬುದೆಲ್ಲವನ್ನೂ ಅದರಲ್ಲಿ ಬರೆಯತಕ್ಕದ್ದು, ಮತ್ತು ಆರು ತಿಂಗಳಿಗೊಮ್ಮೆಯಾದರೂ ಪರಿಶೀಲಿಸತಕ್ಕದ್ದು. ಪಿಎ ಎಂಟು ವಾರಕ್ಕೊಮ್ಮೆಯಾದರೂ ಮುಖತಃ ಭೇಟಿಯಾಗಬೇಕು ಎಂಬುದು ಸರಕಾರದ ಮಾರ್ಗಸೂಚಿ. ಒಳ್ಳೆಯ ಪಾಥ್‌ವೇ ಪ್ಲಾನನ್ನು ಗುರುತಿಸುವುದು ಸುಲಭ. ಅದರಲ್ಲಿ ‘ವಸತಿ ಆಯ್ಕೆಗಳನ್ನು ಪರಿಶೀಲಿಸಲು ಬೆಂಬಲ ನೀಡಲಾಗುವುದು’ ಎಂಬಂಥ ತೇಲುವ ವಾಕ್ಯ ಇರುವುದಿಲ್ಲ. ಯಾರು, ಏನನ್ನು, ಯಾವ ತಾರೀಕಿನೊಳಗೆ ಮಾಡುತ್ತಾರೆ ಎಂದಿರುತ್ತದೆ. ತಾರೀಕಿಲ್ಲದ ಯೋಜನೆಯನ್ನು ಹಿಡಿದು ಯಾರನ್ನೂ ಪ್ರಶ್ನಿಸಲಾಗದು.

ಪಿಎ ಎಷ್ಟು ವಯಸ್ಸಿನವರೆಗೆ ಜೊತೆಗಿರುತ್ತಾರೆ ಎಂಬುದು ಹಂತ ಹಂತವಾಗಿ ಬದಲಾಗಿದೆ. ಮೊದಲು ಎಲ್ಲರಿಗೂ 21ರವರೆಗೆ, ಓದುತ್ತಿರುವವರಿಗೆ ಮಾತ್ರ 25ರವರೆಗೆ ಎಂದಿತ್ತು. ಏಪ್ರಿಲ್ 2018ರಿಂದ ಓದುತ್ತಿರಲಿ ಬಿಡಲಿ, 25ರವರೆಗೆ ಯಾರು ಕೇಳಿದರೂ ಕೌನ್ಸಿಲ್ ಅವರ ಅಗತ್ಯವನ್ನು ಅಳೆದು ಪಿಎ ನೆರವು ಕೊಡತಕ್ಕದ್ದು. ಆದರೆ 21ಕ್ಕೆ ಮುಂಚೆ ಕೌನ್ಸಿಲ್ ತಾನಾಗಿ ಸಂಪರ್ಕದಲ್ಲಿರಬೇಕು. 21 ದಾಟಿದ ಮೇಲೆ ಕೇಳುವ ಕೆಲಸ ಯುವಕನದು. ವರ್ಷಕ್ಕೊಮ್ಮೆಯಾದರೂ ‘ನೆರವು ಬೇಕೇ’ ಎಂದು ನೆನಪಿಸುವ ಹೊಣೆ ಕೌನ್ಸಿಲ್‌ಗಿದೆ, ಆದರೂ ಹಳೆಯ ಫೋನ್ ನಂಬರು ಬದಲಾದವನಿಗೆ ಆ ನೆನಪೋಲೆ ತಲುಪುವುದಿಲ್ಲ.

ಇಲ್ಲಿ ನಮ್ಮ ದೇಶದ ಕಾನೂನನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಭಾರತದ 2015ರ ಬಾಲನ್ಯಾಯ ಕಾಯಿದೆಯ 46ನೆಯ ಪ್ರಕರಣವೂ ಬಾಲಮಂದಿರದಂಥ ಸಂಸ್ಥೆಯಿಂದ 18 ತುಂಬಿ ಹೊರಬರುವವರ ಬಗೆಗೇ ಇದೆ. ಅವರಿಗೆ ಸಮಾಜದಲ್ಲಿ ಮತ್ತೆ ನೆಲೆಗೊಳ್ಳಲು ಹಣಕಾಸಿನ ನೆರವನ್ನು ‘ನೀಡಬಹುದು’ ಎನ್ನುತ್ತದೆ ಅದು. ಸಾಮಾನ್ಯವಾಗಿ 21ರವರೆಗೆ, ನಿಯಮಗಳ ಪ್ರಕಾರ ವಿಶೇಷ ಸಂದರ್ಭಗಳಲ್ಲಿ 23ರವರೆಗೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4000 ರೂಪಾಯಿಯ ಅವಕಾಶವಿದೆ. ಕರ್ನಾಟಕದ ಬಾಲಮಂದಿರದಿಂದ ಹೊರಬಂದ ಹುಡುಗನಿಗೂ ಇಂಗ್ಲೆಂಡಿನ ಕೇರ್ ಲೀವರ್‌ಗೂ ಇರುವ ದೊಡ್ಡ ವ್ಯತ್ಯಾಸ ಹಣದ ಮೊತ್ತದಲ್ಲಿಲ್ಲ, ಆ ಕ್ರಿಯಾಪದದ ಕೊನೆಯಲ್ಲಿದೆ. ‘ಬಹುದು’ ಎಂಬುದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವುದು ಬಲು ಕಷ್ಟ.

ಇಂಗ್ಲೆಂಡಿನಲ್ಲೂ ‘ಬಹುದು’ಗಳಿಗೆ ಬರವಿಲ್ಲ. ವಸತಿಯ ವಿಷಯದಲ್ಲಿ ಅವು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. 2014ರಿಂದ ‘ಸ್ಟೇಯಿಂಗ್ ಪುಟ್’ ಎಂಬ ವ್ಯವಸ್ಥೆಯಡಿ, ಹುಡುಗಿಯೂ ಫಾಸ್ಟರ್ ಪೋಷಕರೂ ಇಬ್ಬರೂ ಒಪ್ಪಿದರೆ, ಅವಳು 18ರ ನಂತರವೂ 21ರವರೆಗೆ ಅದೇ ಮನೆಯಲ್ಲಿ ಇರುವಂತೆ ಕೌನ್ಸಿಲ್ ನೆರವಾಗತಕ್ಕದ್ದು. ಈ ‘ತಕ್ಕದ್ದು’ ಗಟ್ಟಿಯಾಗಿದೆ. ಆದರೆ ಎಷ್ಟು ಹಣ ಕೊಡಬೇಕು ಎಂಬುದನ್ನು ಕಾಯಿದೆ ಹೇಳಿಲ್ಲ. 18ರ ಹುಟ್ಟುಹಬ್ಬದ ಬೆಳಿಗ್ಗೆ ಅದೇ ಹಾಸಿಗೆಯಲ್ಲಿ ಎದ್ದ ಹುಡುಗಿ ಕಾನೂನಿನ ಪ್ರಕಾರ ಫಾಸ್ಟರ್ ಮಗುವಲ್ಲ, ಆ ಮನೆಯ ಒಬ್ಬ ವಾಸಿ. ಫಾಸ್ಟರಿಂಗ್ ಭತ್ಯೆ ನಿಂತು ಅದರ ಜಾಗದಲ್ಲಿ ಕೌನ್ಸಿಲ್ ನಿಗದಿಪಡಿಸಿದ, ಸಾಮಾನ್ಯವಾಗಿ ಕಡಿಮೆ ಮೊತ್ತ ಬರುತ್ತದೆ. ಆ ಕೋಣೆಗೆ ಇನ್ನೊಂದು ಮಗುವನ್ನು ತೆಗೆದುಕೊಂಡರೆ ಪೂರ್ತಿ ಭತ್ಯೆ ಸಿಗುತ್ತದೆ ಎಂಬುದೂ ಪೋಷಕರಿಗೆ ಗೊತ್ತು. ಪ್ರೀತಿಯನ್ನೂ ಬಾಡಿಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಾದ ಇಕ್ಕಟ್ಟು ಅವರದು. ಇನ್ನು ಫಾಸ್ಟರ್ ಮನೆಯ ಬದಲು ಮಕ್ಕಳ ವಸತಿಗೃಹದಲ್ಲಿ ಬೆಳೆದವರಿಗೆ ಈ ಹಕ್ಕು ಅನ್ವಯಿಸಲೇ ಇಲ್ಲ. ಅವರಿಗೆಂದು ಹಳೆಯ ವಸತಿಗೃಹದ ಹತ್ತಿರವೇ ಇರಿಸಿ ಅಲ್ಲಿನ ಪರಿಚಿತರ ನಂಟನ್ನು ಉಳಿಸುವ ‘ಸ್ಟೇಯಿಂಗ್ ಕ್ಲೋಸ್’ ಎಂಬ ಯೋಜನೆ ಆಯ್ದ ಕೆಲವು ಕೌನ್ಸಿಲ್‌ಗಳಲ್ಲಿ ಪ್ರಯೋಗವಾಗಿ ಶುರುವಾಯಿತು.

ಸ್ವಂತ ಬಾಡಿಗೆ ಮನೆ ಬೇಕಾದವರಿಗೆ ವಸತಿಹೀನರ ಕಾನೂನಿನಲ್ಲಿ ಒಂದು ಆಸರೆ ಇದೆ. 18ರಿಂದ 20ರವರೆಗಿನ ಕೇರ್ ಲೀವರ್‌ಗಳನ್ನು, ಬೇರೆ ಪುರಾವೆ ಕೇಳದೆ, ಆದ್ಯತೆಯ ಅಗತ್ಯವಿರುವವರೆಂದು ಪರಿಗಣಿಸತಕ್ಕದ್ದು ಎಂದು 2002ರ ಆದೇಶ ಹೇಳುತ್ತದೆ. 21 ದಾಟಿದರೆ, ಪಾಲನೆಯಲ್ಲಿ ಬೆಳೆದ ಕಾರಣದಿಂದಲೇ ತಾನು ದುರ್ಬಲ ಸ್ಥಿತಿಯಲ್ಲಿದ್ದೇನೆ ಎಂದು ಅರ್ಜಿದಾರ ತೋರಿಸಿಕೊಡಬೇಕಾಗುತ್ತದೆ. ಖಾಸಗಿ ಬಾಡಿಗೆಗೆ ಸರಕಾರ ಕೊಡುವ ವಸತಿ ನೆರವು 35ರೊಳಗಿನ ಒಂಟಿ ವ್ಯಕ್ತಿಗೆ ಹಂಚಿಕೊಂಡ ಮನೆಯ ಒಂದು ಕೋಣೆಯಷ್ಟಕ್ಕೇ ಸೀಮಿತ. ಕೇರ್ ಲೀವರ್‌ಗಳಿಗೆ 22ರವರೆಗಿದ್ದ ವಿನಾಯಿತಿಯನ್ನು ಜೂನ್ 2021ರಿಂದ 25ರವರೆಗೆ ವಿಸ್ತರಿಸಲಾಗಿದೆ.

ಮತ್ತೆ ಆ ಬೋಳು ನೆಲದ ಫ್ಲ್ಯಾಟಿಗೆ ಬರೋಣ. ಮನೆ ಹೂಡುವುದಕ್ಕೆಂದು ಕೊಡುವ ಭತ್ಯೆ ಏಪ್ರಿಲ್ 2023ರಲ್ಲಿ 2000 ಪೌಂಡಿನಿಂದ 3000 ಪೌಂಡಿಗೆ ಏರಿತು. ಕೇಳುವುದಕ್ಕೆ ದೊಡ್ಡ ಮೊತ್ತ. ಹಾಸಿಗೆ, ಒಲೆ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಪರದೆ, ಪಾತ್ರೆ, ಬಲ್ಬು ಎಂದು ಪಟ್ಟಿ ಬರೆಯುತ್ತಾ ಹೋದಂತೆ, ಕೊನೆಗೆ ನೆಲಹಾಸಿಗೆ ಬಂದಾಗ ಕೈಯಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ; ಅನೇಕರು ಮೊದಲ ಚಳಿಗಾಲವನ್ನು ಕಾಂಕ್ರೀಟಿನ ಮೇಲೆಯೇ ಕಳೆಯುವುದು ಈ ಕಾರಣಕ್ಕೆ. ಹಲವು ಕೌನ್ಸಿಲ್‌ಗಳು ಈ ಹಣವನ್ನು ನಗದಾಗಿ ಕೊಡುವುದಿಲ್ಲ. ಪಿಎ ಜೊತೆಗೆ ಹೋಗಿ ಖರೀದಿಸಬೇಕು, ಇಲ್ಲವೇ ಗೊತ್ತುಮಾಡಿದ ಅಂಗಡಿಗಳಿಂದ ತರಿಸಬೇಕು. ಪಕ್ಕದ ಬೀದಿಯಲ್ಲಿ ಯಾರೋ ಅರ್ಧ ಬೆಲೆಗೆ ಮಾರುತ್ತಿರುವ ಒಳ್ಳೆಯ ಮಂಚವನ್ನು ಬಿಟ್ಟು ಅಂಗಡಿಯ ಹೊಸ ಮಂಚಕ್ಕೆ ಪೂರ್ತಿ ಬೆಲೆ ತೆರಬೇಕಾಗುವುದು ಆಗ. ಇನ್ನೊಂದು ವಿಷಯವನ್ನೂ ಗಮನಿಸಬೇಕು: 3000 ಎಂಬ ಅಂಕಿ ಕಾಯಿದೆಯಲ್ಲಿಲ್ಲ, ಮಾರ್ಗಸೂಚಿಯಲ್ಲಿದೆ. ಮಾರ್ಗಸೂಚಿ ಎಂಬುದು ‘ತಕ್ಕದ್ದು’ ಮತ್ತು ‘ಬಹುದು’ಗಳ ನಡುವಿನ ಪ್ರಾಣಿ, ತಕ್ಕ ಕಾರಣವಿಲ್ಲದೆ ಕೌನ್ಸಿಲ್ ಅದನ್ನು ಮೀರುವಂತಿಲ್ಲ, ಆದರೆ ಅದು ಕಾನೂನಿನಷ್ಟು ಗಟ್ಟಿಯಾಗಿ ಕಟ್ಟಿಹಾಕುವುದೂ ಇಲ್ಲ.

18ರ ನಂತರದ ದಿನನಿತ್ಯದ ಖರ್ಚಿಗೆ, ಕೆಲಸವಿಲ್ಲದಿದ್ದರೆ, ಯೂನಿವರ್ಸಲ್ ಕ್ರೆಡಿಟ್ ಎಂಬ ಕೇಂದ್ರ ಸರಕಾರದ ಭತ್ಯೆ. ಅರ್ಜಿ ಹಾಕಿದ ಮೇಲೆ ಮೊದಲ ಹಣ ಕೈ ಸೇರಲು ಐದು ವಾರ ಬೇಕು. ಕೇರ್ ಲೀವರ್‌ಗಳು ಹುಟ್ಟುಹಬ್ಬಕ್ಕೆ 28 ದಿನ ಮುಂಚಿನಿಂದಲೇ ಗುರುತಿನ ಪತ್ರ, ಬ್ಯಾಂಕ್ ಖಾತೆ ಇತ್ಯಾದಿ ತಯಾರಿ ಮಾಡಿಕೊಳ್ಳಲು ಅವಕಾಶವಿದೆ. ಆದರೂ ಐದು ವಾರದ ಕಾಯುವಿಕೆ ತಪ್ಪುವುದಿಲ್ಲ, ನಡುವೆ ಮುಂಗಡ ಪಡೆದರೆ ಅದು ಸಾಲ. 2025-26ರಲ್ಲಿ 25 ದಾಟಿದ ಒಂಟಿ ವ್ಯಕ್ತಿಗೆ ತಿಂಗಳಿಗೆ 400.14 ಪೌಂಡ್ ಮೂಲ ಮೊತ್ತವಿದ್ದರೆ 25ರೊಳಗಿನವರಿಗೆ 316.98 ಪೌಂಡ್. ವಯಸ್ಸು ಕಡಿಮೆಯಿದ್ದವರು ತಂದೆತಾಯಿಯೊಡನೆ ಇರುವ ಸಂಭವ ಹೆಚ್ಚು ಎಂಬುದು ಈ ವ್ಯತ್ಯಾಸಕ್ಕೆ ಕೊಡುವ ಕಾರಣಗಳಲ್ಲಿ ಒಂದು. ತಂದೆತಾಯಿಯ ಸ್ಥಾನದಲ್ಲಿ ಕೌನ್ಸಿಲ್ ಇರುವವರಿಗೂ ಇದೇ ದರವನ್ನು ಹಚ್ಚುವುದರಲ್ಲಿ ಯಾವ ತರ್ಕವಿದೆಯೋ ನನಗೆ ಹೊಳೆದಿಲ್ಲ.

ಕೌನ್ಸಿಲ್ ಟ್ಯಾಕ್ಸ್‌ನ ಕಥೆ ಇನ್ನೂ ಸ್ವಾರಸ್ಯಕರ. ಸ್ಕಾಟ್ಲೆಂಡ್ 2018ರಿಂದ, ವೇಲ್ಸ್ 2019ರಿಂದ ಕೇರ್ ಲೀವರ್‌ಗಳಿಗೆ ಕಾನೂನಿನಲ್ಲೇ ವಿನಾಯಿತಿ ಕೊಟ್ಟಿವೆ. ಇಂಗ್ಲೆಂಡಿನಲ್ಲಿ ಅಂಥ ರಾಷ್ಟ್ರವ್ಯಾಪಿ ವಿನಾಯಿತಿ ಇಲ್ಲ. 1992ರ ಕಾಯಿದೆಯೊಂದು ಕೌನ್ಸಿಲ್‌ಗಳಿಗೆ ತಮ್ಮ ವಿವೇಚನೆಯ ಮೇರೆಗೆ ತೆರಿಗೆ ಇಳಿಸುವ ಅಧಿಕಾರ ಕೊಟ್ಟಿದೆ, ಅನೇಕ ಕೌನ್ಸಿಲ್‌ಗಳು ಅದನ್ನು ಬಳಸಿ 21ರವರೆಗೋ 25ರವರೆಗೋ ತೆರಿಗೆ ಮನ್ನಾ ಮಾಡುತ್ತವೆ. ಆದರೆ ಬರ್ಮಿಂಗ್‌ಹ್ಯಾಮಿನ ಪಾಲನೆಯಲ್ಲಿ ಬೆಳೆದವನು ಲೆಸ್ಟರಿನಲ್ಲಿ ಮನೆ ಮಾಡಿದ ಎಂದುಕೊಳ್ಳಿ. ಅವನ ಪಿಎ, ಪಾಥ್‌ವೇ ಪ್ಲಾನ್, ಭತ್ಯೆ ಎಲ್ಲದರ ಹೊಣೆ ಅವನು ದೇಶದ ಯಾವ ಮೂಲೆಗೆ ಹೋದರೂ ಬರ್ಮಿಂಗ್‌ಹ್ಯಾಮಿನದೇ. ತೆರಿಗೆಯ ಬಿಲ್ಲು ಮಾತ್ರ ಲೆಸ್ಟರಿನಿಂದ ಬರುತ್ತದೆ, ಮನ್ನಾ ಮಾಡುವುದು ಬಿಡುವುದು ಆ ಊರಿನ ಕೌನ್ಸಿಲ್‌ನ ನೀತಿಗೆ ಬಿಟ್ಟದ್ದು. ಕೆಲವು ಕೌನ್ಸಿಲ್‌ಗಳು ತಮ್ಮಲ್ಲೇ ಬೆಳೆದವರಿಗೆ ಮಾತ್ರ ರಿಯಾಯಿತಿ ಕೊಡುತ್ತವೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಪ್ರತಿ ಮಾರ್ಚ್ ತಿಂಗಳಲ್ಲಿ ಮನೆ ಬಾಗಿಲಿಗೆ ಬರುವ ಈ ಬಿಲ್ಲನ್ನು ಕಸ ಮತ್ತು ರಸ್ತೆಗುಂಡಿಗಳ ಲೆಕ್ಕದಲ್ಲಿ ಬೈದುಕೊಳ್ಳುವುದುಂಟು. ಕೌನ್ಸಿಲ್ ಖರ್ಚಿನ ದೊಡ್ಡದೊಂದು ಪಾಲು ಹೋಗುವುದು ಈ ಮಕ್ಕಳ ಪಾಲನೆಗೆ.

ಓದಿಗೆ ಸಂಬಂಧಿಸಿದ ನೆರವು ಹೋಲಿಕೆಯಲ್ಲಿ ಸರಳ. ವಿಶ್ವವಿದ್ಯಾಲಯ ಸೇರಿದ ‘ಫಾರ್ಮರ್ ರೆಲೆವೆಂಟ್’ ವಿದ್ಯಾರ್ಥಿಗೆ ಕೌನ್ಸಿಲ್ 2000 ಪೌಂಡ್ ಬರ್ಸರಿ (ಸಹಾಯಧನ) ಕೊಡತಕ್ಕದ್ದು, ರಜೆಯಲ್ಲಿ ಹಾಸ್ಟೆಲ್ ಮುಚ್ಚಿದಾಗ ಉಳಿಯುವ ಜಾಗಕ್ಕೂ ವ್ಯವಸ್ಥೆ ಮಾಡತಕ್ಕದ್ದು. ಕ್ರಿಸ್‌ಮಸ್ಸಿಗೆ ಎಲ್ಲರೂ ಊರಿಗೆ ಹೊರಟಾಗ ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಪ್ರೆಂಟಿಸ್ ಆಗಿ ಸೇರಿದವರಿಗೆ ಸರಕಾರ ಕೊಡುವ ಬರ್ಸರಿ ಆಗಸ್ಟ್ 2023ರಿಂದ 3000 ಪೌಂಡ್.

ಇವೆಲ್ಲದರ ಹೊರಗೆ ಪ್ರತಿ ಕೌನ್ಸಿಲ್ ತನ್ನದೇ ಆದ ಸವಲತ್ತುಗಳನ್ನು ಕೊಡುತ್ತದೆ: ಜಿಮ್ ಪಾಸು, ಬಸ್ ಪಾಸು, ಔಷಧಿಯ ಶುಲ್ಕ, ಮನೆ ಬಾಡಿಗೆಗೆ ಜಾಮೀನು. 2017ರ ಕಾಯಿದೆಯಂತೆ ಇವನ್ನೆಲ್ಲ ‘ಲೋಕಲ್ ಆಫರ್’ ಎಂಬ ಹೆಸರಿನಲ್ಲಿ ಪ್ರಕಟಿಸತಕ್ಕದ್ದು. ಪ್ರಕಟಿಸುವುದು ಕಡ್ಡಾಯ, ಅದರಲ್ಲಿ ಏನಿರಬೇಕು ಎಂಬುದು ಬಹುಮಟ್ಟಿಗೆ ಐಚ್ಛಿಕ. ಜನವರಿ 2023ರಿಂದ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಕೌನ್ಸಿಲ್‌ಗಳ ಪರಿಶೀಲನೆಯಲ್ಲಿ ಕೇರ್ ಲೀವರ್‌ಗಳ ಬಗ್ಗೆ ಪ್ರತ್ಯೇಕ ದರ್ಜೆ ಕೊಡುತ್ತಿದೆ. ಅದಕ್ಕೆ ಮುಂಚೆ ಚಿಕ್ಕ ಮಕ್ಕಳ ಸೇವೆಯ ಒಳ್ಳೆಯ ಅಂಕಗಳ ನೆರಳಿನಲ್ಲಿ ಈ ದೊಡ್ಡ ಮಕ್ಕಳ ಪಾಡು ಮರೆಯಾಗಬಹುದಿತ್ತು.

ಪೋಷಕರಿಲ್ಲದೆ ಆಶ್ರಯ ಕೋರಿ ಬಂದ ಮಕ್ಕಳೂ ಕೌನ್ಸಿಲ್ ಪಾಲನೆಗೇ ಬರುವುದರಿಂದ ಅವರೂ ಕೇರ್ ಲೀವರ್‌ಗಳೇ. ಆದರೆ ಅವರ ನೆತ್ತಿಯ ಮೇಲೆ ಇನ್ನೊಂದು ಕಾನೂನು ತೂಗುತ್ತಿರುತ್ತದೆ. ಆಶ್ರಯದ ಅರ್ಜಿಯೂ ಮೇಲ್ಮನವಿಗಳೂ ತಿರಸ್ಕೃತವಾದ 18ರ ಯುವಕನಿಗೆ, ನೆರವು ನಿಲ್ಲಿಸಿದರೆ ಅವನ ಮಾನವ ಹಕ್ಕುಗಳ ಉಲ್ಲಂಘನೆಯಾಗುತ್ತದೆಯೇ ಎಂದು ಪರಿಶೀಲಿಸಿದ ಮೇಲಷ್ಟೇ ನೆರವು ಮುಂದುವರಿಯುತ್ತದೆ ಅಥವಾ ನಿಲ್ಲುತ್ತದೆ. ಇವರ ಪಾಥ್‌ವೇ ಪ್ಲಾನನ್ನು ಎರಡು ಪ್ರತಿಯಾಗಿ ಬರೆದಂತೆಯೇ ಸರಿ: ಉಳಿದುಕೊಂಡರೆ ಒಂದು ಬದುಕು, ವಾಪಸ್ ಹೋಗಬೇಕಾಗಿ ಬಂದರೆ ಇನ್ನೊಂದು.

ಇಂಥ ಯಾರಿಗಾದರೂ ನೆರವಾಗಬೇಕಾದ ಸಂದರ್ಭ ಬಂದರೆ, ಅವರ ಫಾಸ್ಟರ್ ಪೋಷಕರಾಗಿಯೋ, ಶಿಕ್ಷಕರಾಗಿಯೋ, ಭಾರತದಿಂದ ಹೋಗಿ ಅಲ್ಲಿ ಸೋಷಿಯಲ್ ವರ್ಕರ್ ಆಗಿ ಸೇರಿದವರಾಗಿಯೋ, ಮೊದಲು ಕೇಳಬೇಕಾದದ್ದು ಹಣವನ್ನಲ್ಲ. ಕಾಯಿದೆಯ ಪ್ರಕಾರ ಆ ಯುವಜನರ ಸ್ಥಾನ ಯಾವುದು, ಪಾಲನೆಯಲ್ಲಿದ್ದ ದಿನಗಳನ್ನು ಎಲ್ಲಿಂದ ಎಲ್ಲಿಗೆ ಎಣಿಸಲಾಗಿದೆ ಎಂಬುದನ್ನು ಬರಹದಲ್ಲಿ ಕೇಳಬೇಕು. ಉತ್ತರ ಸರಿಯಿಲ್ಲವೆನಿಸಿದರೆ ಮಕ್ಕಳ ಕಾಯಿದೆಯಡಿ ಮೂರು ಹಂತಗಳ ದೂರು ವ್ಯವಸ್ಥೆ ಇದೆ. ಮೊದಲ ಹಂತದಲ್ಲಿ ಕೌನ್ಸಿಲ್ 10 ಕೆಲಸದ ದಿನಗಳಲ್ಲಿ, ಹೆಚ್ಚೆಂದರೆ 20 ದಿನಗಳಲ್ಲಿ ಉತ್ತರಿಸಬೇಕು. ಎರಡನೆಯದರಲ್ಲಿ ತನಿಖೆ ನಡೆಯುತ್ತದೆ, ಅದರ ಮೇಲೆ ಕಣ್ಣಿಡಲು ಕೌನ್ಸಿಲ್‌ಗೆ ಸೇರದ ಸ್ವತಂತ್ರ ವ್ಯಕ್ತಿಯೊಬ್ಬರು ಇರುತ್ತಾರೆ. ಮೂರನೆಯದು ಪರಿಶೀಲನಾ ಸಮಿತಿ. ದೂರು ಕೊಡುವ ಯುವಜನರ ಪರವಾಗಿ ಮಾತಾಡಲು ಅಡ್ವೊಕೇಟ್ ಒಬ್ಬರನ್ನು ಕೌನ್ಸಿಲ್ಲೇ ಒದಗಿಸತಕ್ಕದ್ದು. ಇವರು ಕೋರ್ಟಿನ ವಕೀಲರಲ್ಲ. ಅಲ್ಲೂ ಬಗೆಹರಿಯದಿದ್ದರೆ ಸ್ಥಳೀಯ ಸರಕಾರ ಮತ್ತು ಸಾಮಾಜಿಕ ಪಾಲನೆಯ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ತೊಂದರೆ ತಿಳಿದುಬಂದ 12 ತಿಂಗಳೊಳಗೆ ಅಲ್ಲಿಗೆ ದೂರು ಮುಟ್ಟಬೇಕೆಂಬುದು ಸಾಮಾನ್ಯ ನಿಯಮ, ಆದ್ದರಿಂದ ಮೊದಲ ಪತ್ರಕ್ಕೆ ತಾರೀಕು ಹಾಕಿ ಅದರ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು.